'ಈ ವಾಕ್ಯ ಸುಳ್ಳು' ಎಂದರೆ ತರ್ಕವೇ ಕುಸಿದುಬೀಳುತ್ತದೆಯೇ?

ಓದುಗರ ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಮಗಳು ಎರಡನೇ ಪಿಯುಸಿ, ಕಲಾ ವಿಭಾಗ, ತರ್ಕಶಾಸ್ತ್ರ ತೆಗೆದುಕೊಂಡಿದ್ದಾಳೆ. ಮೊನ್ನೆ ಒಂದು ಚೀಟಿ ಕೊಟ್ಟಳು. ಒಂದು ಬದಿಯಲ್ಲಿ 'ಹಿಂಬದಿಯ ವಾಕ್ಯ ನಿಜ' ಎಂದಿತ್ತು. ತಿರುಗಿಸಿದರೆ 'ಮುಂಬದಿಯ ವಾಕ್ಯ ಸುಳ್ಳು' ಎಂದಿತ್ತು. ರಾತ್ರಿಯೆಲ್ಲ ತಲೆ ಕೆಡಿಸಿಕೊಂಡೆ, ಬಗೆಹರಿಯಲಿಲ್ಲ. ಮಗಳು ಮಾತ್ರ 'ನೋಡಪ್ಪಾ, ತರ್ಕಾನೇ ಮೋಸ, ಗಣಿತದಲ್ಲೂ ವಿರೋಧ ಇದೆ ಅಂತ ಗ್ಯೋಡೆಲ್ ತೋರಿಸಿದಾನಂತೆ, ವಿಡಿಯೋದಲ್ಲಿದೆ' ಎನ್ನುತ್ತಾಳೆ. ಬಿಎಗೆ ತತ್ವಶಾಸ್ತ್ರ ಓದುವ ಆಸೆ ಇತ್ತು, ಈಗ ಅದೂ ಸುಮ್ನೆ ಅನ್ನುತ್ತಿದ್ದಾಳೆ. ಇದು ಬರೀ ಮಾತಿನ ಆಟವೇ? ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ವಾಕ್ಯಗಳನ್ನು ನಿಷೇಧಿಸಿದರೆ ಮುಗಿಯಿತಲ್ಲವೇ? 'ಎಲ್ಲ ಸತ್ಯವೂ ಸಾಪೇಕ್ಷ' ಎನ್ನುವುದೂ ಇದೇ ಗಂಟಾ? ನಮ್ಮ ಹಿಂದಿನವರು ಇದನ್ನೆಲ್ಲ ಆಗಲೇ ಬಿಡಿಸಿಟ್ಟಿದ್ದಾರೆ ಎಂದು ಸ್ನೇಹಿತರೊಬ್ಬರು ಹೇಳುತ್ತಾರೆ, ಹೌದಾ? ಕೊನೆಗೆ ಯಾವ ಉತ್ತರ ಸರಿ?

ಉತ್ತರ: ಪ್ರಶ್ನೆ ಐದಾರು ಇವೆ, ಆತಂಕ ಒಂದೇ. ಮಗಳು ಓದಲು ಹೊರಟಿರುವ ಶಾಸ್ತ್ರದ ಬುಡವೇ ಬಿರುಕು ಬಿಟ್ಟಿದೆಯಾ ಎಂಬುದು. ತರ್ಕ ಪಾಠ ಮಾಡುವವರಿಗೆ ಇದು ಹಳೆಯ ಪರಿಚಯದ ಪ್ರಶ್ನೆ. ಕೇಳುವವರು ಸಾಮಾನ್ಯವಾಗಿ ಕ್ಲಾಸಿನ ಚುರುಕು ಮಕ್ಕಳೇ ಆಗಿರುತ್ತಾರೆ. ಹಾಗಾಗಿ ಮಗಳ ಬಗ್ಗೆ ಚಿಂತೆ ಬೇಡ. ಗಂಟಿನ ಬಗ್ಗೆ ಮಾತಾಡೋಣ.

ನಿಮ್ಮ ಕೈಗೆ ಬಂದ ಚೀಟಿಗೆ ನೂರು ವರ್ಷ ದಾಟಿದೆ. ಇಂಗ್ಲೆಂಡಿನ ಗಣಿತಜ್ಞ ಫಿಲಿಪ್ ಜೂರ್ಡೇನ್ 1913ರಲ್ಲಿ ಅದನ್ನು ಮುಂದಿಟ್ಟರು. ಮೂಲ ಗಂಟು ಅದಕ್ಕಿಂತ ತುಂಬಾ ಹಳೆಯದು. ಕ್ರಿಸ್ತಪೂರ್ವ 4ನೇ ಶತಮಾನದ ಗ್ರೀಕ್ ಚಿಂತಕ, ಮಿಲೇಟಸ್ ಊರಿನ ಯೂಬುಲಿಡೀಸ್ ಹೆಸರಿಗೆ ಅದು ಅಂಟಿಕೊಂಡಿದೆ. ಒಬ್ಬ ಮನುಷ್ಯ 'ನಾನೀಗ ಹೇಳುತ್ತಿರುವುದು ಸುಳ್ಳು' ಎನ್ನುತ್ತಾನೆ. ನಿಜ ಎಂದುಕೊಳ್ಳಿ. ಆಗ ಅವನು ಹೇಳಿದ ಹಾಗೇ ಇರಬೇಕು, ಅಂದರೆ ಸುಳ್ಳಾಗಬೇಕು. ಸುಳ್ಳು ಎಂದುಕೊಳ್ಳಿ. ಅವನು ಹೇಳಿದ್ದೂ ಅದನ್ನೇ, ಹಾಗಾಗಿ ನಿಜ. ಎರಡು ದಾರಿ, ಎರಡೂ ಮುಚ್ಚಿವೆ. ಕಾಸ್ ದ್ವೀಪದ ಫಿಲೀಟಸ್ ಎಂಬ ಕವಿ ಇದರ ಚಿಂತೆಯಲ್ಲೇ ಸೊರಗಿ ಸತ್ತ ಎಂಬ ಕಥೆ ಗ್ರೀಕರಲ್ಲಿತ್ತು. ನೀವು ಒಂದು ರಾತ್ರಿಗೆ ಬಿಟ್ಟಿದ್ದು ಒಳ್ಳೆಯದಾಯಿತು.

ಮೊದಲು ಒಂದಿಷ್ಟು ಕಳೆ ಕೀಳಬೇಕು. ವಿರೋಧಾಭಾಸ ಎಂಬ ಹೆಸರಿನಲ್ಲಿ ಓಡಾಡುವ ಎಷ್ಟೋ ವಾಕ್ಯಗಳು ನಿಜಕ್ಕೂ ಹಾಗಲ್ಲ. ಕ್ರೀಟ್ ದ್ವೀಪದ ಎಪಿಮೆನಿಡೀಸ್ 'ಕ್ರೀಟಿನವರೆಲ್ಲ ಯಾವಾಗಲೂ ಸುಳ್ಳುಗಾರರು' ಎಂದದ್ದು ಎಲ್ಲಕ್ಕಿಂತ ಹೆಚ್ಚು ಹೆಸರಾದದ್ದು. ಅವನೂ ಕ್ರೀಟಿನವನೇ. ಆದರೆ ಲೆಕ್ಕ ಹಾಕಿ ನೋಡಿ. ಅವನ ಮಾತು ನಿಜ ಎಂದರೆ ಸಿಕ್ಕಿಬೀಳುತ್ತೇವೆ, ಸರಿ. ಸುಳ್ಳು ಎಂದರೆ? ಕ್ರೀಟಿನಲ್ಲಿ ಯಾರೋ ಒಬ್ಬ ಯಾವಾಗಲೋ ಒಮ್ಮೆ ನಿಜ ಹೇಳಿದ್ದಾನೆ ಎಂದಷ್ಟೇ ಆಯಿತು. ಅದರಲ್ಲಿ ಏನೂ ತೊಡಕಿಲ್ಲ. ಮಾತು ಸುಳ್ಳು, ಕಥೆ ಮುಗೀತು. 'ತಾವೇ ಗಡ್ಡ ಹೆರೆದುಕೊಳ್ಳದವರಿಗೆಲ್ಲ ಹೆರೆಯುವ, ಅವರಿಗಷ್ಟೇ ಹೆರೆಯುವ' ಊರಿನ ಕ್ಷೌರಿಕನದೂ ಇಷ್ಟೇ ಕಥೆ. ಅವನು ತನಗೆ ತಾನೇ ಹೆರೆದುಕೊಳ್ಳುತ್ತಾನಾ ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಅಂಥ ಕ್ಷೌರಿಕ ಯಾವ ಊರಿನಲ್ಲೂ ಇರಲು ಸಾಧ್ಯವಿಲ್ಲ, ಅಷ್ಟೇ.

'ಎಲ್ಲ ಸತ್ಯವೂ ಸಾಪೇಕ್ಷ' ಎಂಬುದೂ ಈ ಗುಂಪಿನದೇ. ಗ್ರೀಕ್ ಚಿಂತಕ ಪ್ರೊಟಾಗೊರಸ್ ವಿರುದ್ಧ ಪ್ಲೇಟೋ ಎತ್ತಿದ ಆಕ್ಷೇಪ ಇದು: ಯಾರಿಗೆ ಏನು ತೋರುತ್ತದೋ ಅವರಿಗೆ ಅದೇ ಸತ್ಯ ಎಂದಾದರೆ, 'ಪ್ರೊಟಾಗೊರಸ್ ತಪ್ಪು' ಎಂದು ತೋರುವವನ ಮಾತೂ ಸತ್ಯ ಎಂದು ಒಪ್ಪಬೇಕು. ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಂಡಂತೆ. ಆದರೆ ಹಾಗೆ ಬಿದ್ದ ಮಾತು ಬಿದ್ದಲ್ಲೇ ಇರುತ್ತದೆ, ಎದ್ದು ಮತ್ತೆ ನಿಜವಾಗುವುದಿಲ್ಲ. ನಮ್ಮ ಶಾಸ್ತ್ರಕಾರರು ಇದಕ್ಕೆ ವದತೋವ್ಯಾಘಾತ ಎನ್ನುತ್ತಿದ್ದರು. 'ಹುಟ್ಟಿದಾಗಿನಿಂದ ನಾನು ಮೌನಿ' ಎಂದು ಬಾಯಿಬಿಟ್ಟು ಹೇಳುವವನ ಉದಾಹರಣೆ ಅವರಲ್ಲಿ ಪ್ರಸಿದ್ಧ. ಹೇಳಿದ ಕ್ಷಣವೇ ಆ ಮಾತು ಸುಳ್ಳಾಯಿತು. ಯೂಬುಲಿಡೀಸನ ವಾಕ್ಯ ಹೀಗೆ ಬೀಳಲು ಒಪ್ಪುವುದಿಲ್ಲ. ಸುಳ್ಳು ಎಂದ ತಕ್ಷಣ ಎದ್ದು ನಿಲ್ಲುತ್ತದೆ. ನಿಜವಾದ ಗಂಟಿನ ಗುರುತು ಅದು.

ಇನ್ನು ನಿಷೇಧದ ಪ್ರಶ್ನೆ. ತನ್ನ ಬಗ್ಗೆ ತಾನೇ ಹೇಳಿಕೊಳ್ಳುವುದೇ ತಪ್ಪು ಎಂದು ಬಹಳ ಜನ ಅಂದುಕೊಂಡಿದ್ದಾರೆ. ಈ ವಾಕ್ಯ ನೋಡಿ: 'ಈ ವಾಕ್ಯದಲ್ಲಿ ನಾಲ್ಕು ಪದಗಳಿವೆ.' ಎಣಿಸಿ. ನಿಜ. 'ಈ ವಾಕ್ಯದಲ್ಲಿ ಐದು ಪದಗಳಿವೆ.' ಎಣಿಸಿ. ಸುಳ್ಳು. ಎರಡೂ ತಮ್ಮ ಬಗ್ಗೆಯೇ ಮಾತಾಡುತ್ತಿವೆ, ಯಾರ ತಲೆಯೂ ಕೆಡಲಿಲ್ಲ. ಒಂದು ತಮಾಷೆ ಮಾತ್ರ ಇದೆ. ಎರಡನೆಯದನ್ನು ಅಲ್ಲಗಳೆಯೋಣ: 'ಈ ವಾಕ್ಯದಲ್ಲಿ ಐದು ಪದಗಳು ಇಲ್ಲ.' ಈಗ ಎಣಿಸಿದರೆ ಸರಿಯಾಗಿ ಐದು, ಹಾಗಾಗಿ ಇದೂ ಸುಳ್ಳು! ಒಂದು ವಾಕ್ಯವೂ ಸುಳ್ಳು, ಅದನ್ನು ಅಲ್ಲಗಳೆದ ವಾಕ್ಯವೂ ಸುಳ್ಳು. ಇಲ್ಲಿ ಮಾಟಮಂತ್ರ ಏನಿಲ್ಲ. 'ಈ' ಎಂಬುದು ಮೊದಲು ಒಂದು ವಾಕ್ಯವನ್ನು ತೋರಿಸುತ್ತಿತ್ತು, ಈಗ ಬೇರೆಯದನ್ನು ತೋರಿಸುತ್ತಿದೆ. ಮಗಳಿಗೆ ಕೊಡಿ, ಇಷ್ಟಪಡುತ್ತಾಳೆ. ಸ್ವೋಲ್ಲೇಖದಲ್ಲಿ, ಅಂದರೆ ತನ್ನನ್ನೇ ತಾನು ಹೆಸರಿಸುವುದರಲ್ಲಿ, ಎಚ್ಚರ ಬೇಕು, ಆದರೆ ಅದು ಅಪರಾಧವಲ್ಲ ಎಂಬುದು ಇದರಿಂದ ಗೊತ್ತಾಗುತ್ತದೆ.

ನೀವು ಲೆಕ್ಕಪತ್ರದವರು, ಎಕ್ಸೆಲ್ ದಿನಾ ತೆರೆಯುತ್ತೀರಿ. ಎ1 ಖಾನೆಯಲ್ಲೇ 'ಒಂದರಿಂದ ಎ1 ಕಳೆ' ಎಂಬ ಸೂತ್ರ ಬರೆಯಿರಿ. ಆ ಖಾನೆ ತನ್ನನ್ನೇ ಸುತ್ತುತ್ತಿದೆ ಎಂಬ ಎಚ್ಚರಿಕೆ ಬರುತ್ತದೆ. 1 ಎಂದರೆ ನಿಜ, 0 ಎಂದರೆ ಸುಳ್ಳು ಎಂದಿಟ್ಟುಕೊಂಡರೆ ನಿಮ್ಮ ಚೀಟಿಯೇ ಇದು. ಆದರೆ ಅದೇ ಎಕ್ಸೆಲ್‌ನಲ್ಲಿ ಸುತ್ತುವ ಲೆಕ್ಕವನ್ನು ಅನುಮತಿಸುವ ಆಯ್ಕೆಯೂ ಇದೆ. ಲಾಭದ ಮೇಲೆ ಬೋನಸ್, ಬೋನಸ್ ಕಳೆದ ಮೇಲೆ ಲಾಭ ಎಂಬಂಥ ಲೆಕ್ಕಕ್ಕೆ ಅದು ಬೇಕಾಗುತ್ತದೆ. ಅಂಥವು ಕೆಲವು ಸುತ್ತಿನಲ್ಲಿ ಒಂದು ಮೊತ್ತಕ್ಕೆ ಬಂದು ನಿಲ್ಲುತ್ತವೆ. ನಮ್ಮ ಎ1 ಮಾತ್ರ 0, 1, 0, 1 ಎಂದು ಕುಣಿಯುತ್ತಲೇ ಇರುತ್ತದೆ. ಸುತ್ತು ಎರಡರಲ್ಲೂ ಇದೆ, ಆದರೆ ನಿಲ್ಲುವುದು ಒಂದೇ. ಸತ್ಯದ ಬಗ್ಗೆಯೂ ಹೀಗೇ ಯೋಚಿಸಿದವರಿದ್ದಾರೆ. ಅನಿಲ್ ಗುಪ್ತಾ ಮತ್ತು ನ್ಯೂಯೆಲ್ ಬೆಲ್ನಾಪ್ 1993ರಲ್ಲಿ ಒಂದು ಸಿದ್ಧಾಂತ ಕಟ್ಟಿದರು. ವಾಕ್ಯಗಳ ಬೆಲೆಯನ್ನು, ಅಂದರೆ ನಿಜವೋ ಸುಳ್ಳೋ ಎಂಬುದನ್ನು, ಸುತ್ತುಸುತ್ತಾಗಿ ತಿದ್ದುತ್ತಾ ಹೋಗಿ, ಯಾವುದು ನೆಲೆ ನಿಲ್ಲುತ್ತದೆ, ಯಾವುದು ಕುಣಿಯುತ್ತದೆ ನೋಡಿ ಎನ್ನುವುದು ಅದರ ತಿರುಳು.

ಎಕ್ಸೆಲ್ ತರಹ ಕೆಟ್ಟ ವಾಕ್ಯವನ್ನು ಮೊದಲೇ ಹಿಡಿದು ಎಚ್ಚರಿಕೆ ಕೊಡುವ ಯಂತ್ರ ಮಾಡಬಹುದಲ್ಲ ಎನ್ನಬಹುದು. ಕಷ್ಟ. ಅಮೆರಿಕದ ಸಾಲ್ ಕ್ರಿಪ್ಕಿ 1975ರ ಒಂದು ಲೇಖನದಲ್ಲಿ ಕೊಟ್ಟ ಉದಾಹರಣೆ ಇದಕ್ಕೇ. ಆಗ ಅಲ್ಲಿ ಅಧ್ಯಕ್ಷ ನಿಕ್ಸನ್ ಸಿಕ್ಕಿಬಿದ್ದ ವಾಟರ್‌ಗೇಟ್ ಹಗರಣ ಇನ್ನೂ ಬಿಸಿ ಆರಿರಲಿಲ್ಲ. ಜೋನ್ಸ್ ಎಂಬವನು 'ವಾಟರ್‌ಗೇಟ್ ಬಗ್ಗೆ ನಿಕ್ಸನ್ ಹೇಳಿದ್ದರಲ್ಲಿ ಜಾಸ್ತಿ ಪಾಲು ಸುಳ್ಳು' ಎನ್ನುತ್ತಾನೆ. ದಿನಾ ಪೇಪರ್ ಓದುವವರು ಆಡುವ ಮಾತು. ನಿಕ್ಸನ್ 'ವಾಟರ್‌ಗೇಟ್ ಬಗ್ಗೆ ಜೋನ್ಸ್ ಹೇಳುವುದೆಲ್ಲ ನಿಜ' ಎನ್ನುತ್ತಾನೆ. ಅದೂ ಸಾಧಾರಣ ಮಾತೇ. ಈಗ ನಿಕ್ಸನ್‌ನ ಉಳಿದ ಮಾತುಗಳಲ್ಲಿ ನಿಜ ಸುಳ್ಳು ಸರಿಸಮ ಎಂದಿಟ್ಟುಕೊಳ್ಳಿ. ಜೋನ್ಸ್ ಆ ವಿಷಯದಲ್ಲಿ ಬೇರೇನೂ ಹೇಳಿಲ್ಲ ಎಂದೂ ಇಟ್ಟುಕೊಳ್ಳಿ. ತಕ್ಕಡಿ ಯಾವ ಕಡೆ ವಾಲಬೇಕು ಎಂಬುದನ್ನು ನಿಕ್ಸನ್‌ನ ಈ ಒಂದು ಮಾತೇ ತೀರ್ಮಾನಿಸಬೇಕು. ಜೋನ್ಸ್ ನಿಜ ಹೇಳಿದ್ದರೆ ನಿಕ್ಸನ್‌ನ ಈ ಮಾತು ಸುಳ್ಳಾಗಬೇಕು, ಆದರೆ ಅದು ಸುಳ್ಳಾದರೆ ಜೋನ್ಸ್ ಹೇಳಿದ್ದು ನಿಜವಲ್ಲ. ಜೋನ್ಸ್ ಸುಳ್ಳು ಹೇಳಿದ್ದರೆ ನಿಕ್ಸನ್‌ನ ಮಾತೂ ಸುಳ್ಳು, ಆಗ ತಕ್ಕಡಿ ಸುಳ್ಳಿನ ಕಡೆ ವಾಲಿ ಜೋನ್ಸ್ ನಿಜವಾಗುತ್ತಾನೆ. ಅದೇ ಗಂಟು! ಎರಡು ವಾಕ್ಯಗಳನ್ನೂ ವ್ಯಾಕರಣದ ಕನ್ನಡಕ ಹಾಕಿಕೊಂಡು ಎಷ್ಟು ನೋಡಿದರೂ ದೋಷ ಕಾಣುವುದಿಲ್ಲ. ದೋಷ ಇರುವುದು ಊರಿನ ಸಂಗತಿಗಳಲ್ಲಿ, ಯಾರು ಎಷ್ಟು ಸಲ ನಿಜ ಹೇಳಿದ ಎಂಬುದರಲ್ಲಿ. ಸಂಗತಿ ಸ್ವಲ್ಪ ಬದಲಾದರೆ ಅದೇ ಮಾತುಗಳು ನಿರುಪದ್ರವಿ. ಇದನ್ನು ಯಾವ ಕಾನೂನಿನಿಂದ ನಿಷೇಧಿಸುತ್ತೀರಿ?

ನಿಷೇಧದ ಪರ ಇರುವವರಿಗೆ ಇನ್ನೂ ಒಂದು ಪೆಟ್ಟು ಕೊಟ್ಟವರು ಸ್ಟೀಫನ್ ಯಾಬ್ಲೋ. ಕೊನೆಯೇ ಇಲ್ಲದ ಒಂದು ಸಾಲಿನಲ್ಲಿ ಜನ ನಿಂತಿದ್ದಾರೆ. ಪ್ರತಿಯೊಬ್ಬನೂ 'ನನ್ನ ಹಿಂದೆ ನಿಂತವರೆಲ್ಲ ಸುಳ್ಳು ಹೇಳುತ್ತಿದ್ದಾರೆ' ಎನ್ನುತ್ತಾನೆ. ಯಾರೂ ತನ್ನ ಬಗ್ಗೆ ಮಾತಾಡುತ್ತಿಲ್ಲ. ಒಬ್ಬ ನಿಜ ಹೇಳಿದ ಎನ್ನಿ. ಆಗ ಅವನ ಹಿಂದಿನವರೆಲ್ಲ ಸುಳ್ಳುಗಾರರು. ಆದರೆ ಅವನ ಬೆನ್ನ ಹಿಂದೆಯೇ ನಿಂತವನು ಹೇಳುತ್ತಿರುವುದೂ ತನ್ನ ಹಿಂದಿನವರೆಲ್ಲ ಸುಳ್ಳುಗಾರರು ಎಂದೇ. ಅದು ನಿಜವಾಗಿಬಿಟ್ಟಿತು. ಹಾಗಾಗಿ ಯಾರೂ ನಿಜ ಹೇಳುತ್ತಿರಲಾರರು. ಯಾರೂ ಹೇಳುತ್ತಿಲ್ಲ ಎಂದರೆ ಮೊದಲನೆಯವನ ಮಾತು ನಿಜ. ಸುತ್ತು ಕಾಣುವುದಿಲ್ಲ, ಗಂಟು ಮಾತ್ರ ಇದೆ. ಇದರ ಒಳಗೂ ಎಲ್ಲೋ ಸುತ್ತು ಅಡಗಿದೆ ಎಂದು ವಾದಿಸುವವರಿದ್ದಾರೆ, ಆ ಜಗಳ ನಿಂತಿಲ್ಲ. ನಿಷೇಧದ ಬೇಲಿ ನಿರಪರಾಧಿಗಳನ್ನು ಹಿಡಿಯುತ್ತದೆ, ಕಳ್ಳರನ್ನು ಬಿಡುತ್ತದೆ ಎಂದು ತೋರಿಸಲು ಇಷ್ಟು ಸಾಕು.

ಹಾಗಾದರೆ ಗಂಟಿಗೆ ಕಾರಣ ಏನು? ಮೂರು ಸಂಗತಿ ಒಟ್ಟಿಗೆ ಬರಬೇಕು. ಒಂದು, ಭಾಷೆಗೆ ತನ್ನ ವಾಕ್ಯಗಳ ಬಗ್ಗೆ ತಾನೇ ಮಾತಾಡುವ ಶಕ್ತಿ ಇರಬೇಕು. ಎರಡು, 'ನಿಜ' ಎಂಬ ಪದ ಪೂರ್ತಿ ಪಾರದರ್ಶಕವಾಗಿರಬೇಕು. ಅಂದರೆ 'ಮಳೆ ಬಂತು ಎಂಬುದು ನಿಜ' ಎಂದರೂ 'ಮಳೆ ಬಂತು' ಎಂದರೂ ಒಂದೇ ಆಗಬೇಕು. ಮೂರು, ನಾವು ದಿನಾ ಬಳಸುವ ತರ್ಕದ ನಿಯಮಗಳು ಎಲ್ಲ ವಾಕ್ಯಕ್ಕೂ ಅನ್ವಯಿಸಬೇಕು. ಮೂರೂ ಬೇರೆ ಬೇರೆಯಾಗಿ ನೋಡಿದರೆ ಬಂಗಾರದಂಥವು. ಮೂರನ್ನೂ ಇಟ್ಟುಕೊಳ್ಳಲು ಆಗುವುದಿಲ್ಲ. 2,400 ವರ್ಷದಲ್ಲಿ ಬಂದ ಪರಿಹಾರಗಳೆಲ್ಲ ಇವುಗಳಲ್ಲಿ ಯಾವುದನ್ನು ಬಿಡುವುದು ಎಂಬ ಚೌಕಾಸಿಯೇ. ಪುಕ್ಕಟೆ ಯಾವುದೂ ಇಲ್ಲ.

ಪೋಲೆಂಡಿನ ಆಲ್ಫ್ರೆಡ್ ಟಾರ್ಸ್ಕಿ 1933ರಲ್ಲಿ ಮೊದಲನೆಯದನ್ನು ಬಿಟ್ಟರು. ಒಂದು ಭಾಷೆಯ ವಾಕ್ಯ ನಿಜವೋ ಸುಳ್ಳೋ ಎಂದು ಹೇಳಲು ಅದಕ್ಕಿಂತ ಮೇಲಿನ ಭಾಷೆ ಬೇಕು, ಅದರ ಬಗ್ಗೆ ಹೇಳಲು ಇನ್ನೂ ಮೇಲಿನದು. 'ಈ ವಾಕ್ಯ ಸುಳ್ಳು' ಎಂಬುದನ್ನು ಯಾವ ಮಹಡಿಯಲ್ಲೂ ಬರೆಯಲು ಬರುವುದಿಲ್ಲ. ಗಣಿತದ ಭಾಷೆಗಳಿಗೆ ಇದು ಅಚ್ಚುಕಟ್ಟಾಗಿ ಒಪ್ಪುತ್ತದೆ. ಆಡುಮಾತಿಗೆ ಒಪ್ಪುವುದಿಲ್ಲ. ಜೋನ್ಸ್ ಯಾವ ಮಹಡಿಯಲ್ಲಿ ನಿಂತು ಮಾತಾಡಿದ? ನಿಕ್ಸನ್‌ಗಿಂತ ಮೇಲಿನದರಲ್ಲಿ. ನಿಕ್ಸನ್? ಜೋನ್ಸ್‌ಗಿಂತ ಮೇಲಿನದರಲ್ಲಿ. ಒಬ್ಬರ ಮೇಲೊಬ್ಬರು ಹತ್ತಲು ಇಬ್ಬರಿಗೂ ಆಗುವುದಿಲ್ಲವಲ್ಲ.

ಇನ್ನೊಂದು ದಾರಿ, ಇದು ನಿಜವೂ ಅಲ್ಲ, ಸುಳ್ಳೂ ಅಲ್ಲ ಎನ್ನುವುದು. ವಿದ್ಯಾರ್ಥಿಗಳಿಗೆ ಕೂಡಲೇ ಹೊಳೆಯುವುದು ಇದೇ. ಕ್ರಿಪ್ಕಿ ಇದಕ್ಕೆ ಗಟ್ಟಿ ರೂಪ ಕೊಟ್ಟರು. (ನಿಮ್ಮ ಮಗಳ ವಯಸ್ಸಿನಲ್ಲೇ ತರ್ಕದಲ್ಲಿ ಹೊಸ ಪ್ರಮೇಯ ಸಾಧಿಸಿದ ಮನುಷ್ಯ ಅವರು.) ಮೊದಲು 'ನಿಜ' ಎಂಬ ಪದವೇ ಇಲ್ಲದ ವಾಕ್ಯಗಳಿಗೆ ಬೆಲೆ ಹಾಕಿ: 'ಹಿಮ ಬೆಳ್ಳಗಿದೆ', ನಿಜ. ಆಮೇಲೆ 'ಹಿಮ ಬೆಳ್ಳಗಿದೆ ಎಂಬುದು ನಿಜ' ಎಂಬಂಥವಕ್ಕೆ ಹಾಕಿ. ಹೀಗೆ ಹತ್ತುತ್ತಾ ಹೋಗಿ. ಒಂದು ಹಂತದಲ್ಲಿ ಹೊಸದಾಗಿ ಬೆಲೆ ಪಡೆಯುವ ವಾಕ್ಯವೇ ಉಳಿಯುವುದಿಲ್ಲ. ಆಗ ಖಾಲಿ ಉಳಿದವುಗಳ ಪಟ್ಟಿ ನೋಡಿದರೆ 'ಈ ವಾಕ್ಯ ಸುಳ್ಳು' ಅಲ್ಲಿರುತ್ತದೆ. 'ಈ ವಾಕ್ಯ ನಿಜ' ಎಂಬ ಸಾಧು ವಾಕ್ಯವೂ ಅಲ್ಲೇ ಇರುತ್ತದೆ. ಅದರಲ್ಲಿ ವಿರೋಧವಿಲ್ಲ, ಆದರೆ ನಿಜವೋ ಸುಳ್ಳೋ ತಿಳಿಯಲು ಹಿಡಿಯಲು ನೆಲವೇ ಇಲ್ಲ. ನಿಕ್ಸನ್-ಜೋನ್ಸ್ ಮಾತುಗಳು ಸಂಗತಿ ನೆಟ್ಟಗಿದ್ದ ದಿನ ಬೆಲೆ ಪಡೆಯುತ್ತವೆ, ಕೆಟ್ಟ ದಿನ ಪಡೆಯುವುದಿಲ್ಲ. ಯಾರನ್ನೂ ಮೊದಲೇ ಜೈಲಿಗೆ ಹಾಕಬೇಕಿಲ್ಲ.

ಅಪಾಯ ಎಲ್ಲಿದೆ? ವಾಕ್ಯವನ್ನು ಸ್ವಲ್ಪ ತಿರುಚಿ: 'ಈ ವಾಕ್ಯ ನಿಜವಲ್ಲ.' ಇದು ನಿಜವೂ ಅಲ್ಲ, ಸುಳ್ಳೂ ಅಲ್ಲ ಎಂದಿರಾ? ಹಾಗಾದರೆ ನಿಜವಲ್ಲ ಎಂದಾಯಿತು. ಅದು ಹೇಳುತ್ತಿರುವುದೂ ಅದನ್ನೇ. ಹಾಗಾದರೆ ನಿಜ! ತರ್ಕದವರು ಇದನ್ನು ಸೇಡು ಎಂದೇ ಕರೆಯುತ್ತಾರೆ. ಯಾವ ಔಷಧ ಕೊಟ್ಟರೂ ಆ ಔಷಧದ ಹೆಸರನ್ನೇ ಬಳಸಿ ರೋಗ ಮತ್ತೆ ಬರುತ್ತದೆ. 'ಬೆಲೆ ಪಡೆಯದ ವಾಕ್ಯ' ಎಂದು ಹೇಳಲು ಕ್ರಿಪ್ಕಿಗೂ ಒಂದು ಮಹಡಿ ಮೇಲೆ ಹತ್ತಬೇಕಾಗುತ್ತದೆ. ಟಾರ್ಸ್ಕಿಯ ದೆವ್ವ ಇನ್ನೂ ನಮ್ಮನ್ನು ಬಿಟ್ಟಿಲ್ಲ ಎಂದು ಅವರೇ ಒಪ್ಪಿಕೊಂಡಿದ್ದಾರೆ.

ಮೂರನೆಯ ದಾರಿ ಕೇಳಿದರೆ ಹಲವರಿಗೆ ಸಿಟ್ಟು ಬರುತ್ತದೆ. ಗ್ರಹಾಂ ಪ್ರೀಸ್ಟ್ 1979ರಿಂದ ಹೇಳುತ್ತಾ ಬಂದದ್ದು: ಆ ವಾಕ್ಯ ನಿಜವೂ ಹೌದು, ಸುಳ್ಳೂ ಹೌದು, ಒಪ್ಪಿಕೊಳ್ಳಿ. ಇದರಲ್ಲೇನು ತೊಂದರೆ ಎಂದರೆ, ಹಳೆಯ ತರ್ಕದಲ್ಲಿ ಒಂದು ವಿರೋಧ ಒಳಗೆ ಬಂದರೆ ಎಲ್ಲವೂ ಸಾಧಿತವಾಗಿಬಿಡುತ್ತದೆ. 'ಮಳೆ ಬಂತು', 'ಮಳೆ ಬರಲಿಲ್ಲ' ಎರಡನ್ನೂ ಒಪ್ಪಿದ್ದೇವೆ ಎನ್ನಿ. ಮಳೆ ಬಂತು ಎಂದ ಮೇಲೆ 'ಮಳೆ ಬಂತು ಇಲ್ಲವೇ ಚಂದ್ರ ಬೆಲ್ಲದ ಉಂಡೆ' ಎಂಬುದೂ ನಿಜ. ಮಳೆ ಬರಲಿಲ್ಲ, ಹಾಗಾದರೆ ಉಳಿದದ್ದೇನು? ಚಂದ್ರ ಬೆಲ್ಲದ ಉಂಡೆ. ಪ್ರೀಸ್ಟ್ ಈ ಕೊನೆಯ ಹೆಜ್ಜೆಯನ್ನೇ ಕಿತ್ತುಹಾಕುತ್ತಾರೆ. 'ಇದು ಇಲ್ಲವೇ ಅದು, ಇದಲ್ಲ, ಹಾಗಾಗಿ ಅದು' ಎಂಬ ನಿಯಮ ಎಲ್ಲೆಡೆ ನಡೆಯುವುದಿಲ್ಲ ಎನ್ನುತ್ತಾರೆ. ಬೆಲೆ ಕಡಿಮೆಯದಲ್ಲ. ಕೀ ಜೇಬಿನಲ್ಲಿಲ್ಲ, ಹಾಗಾಗಿ ಮೇಜಿನ ಮೇಲಿದೆ ಎಂದು ನಾವು ದಿನಾ ಯೋಚಿಸುವ ದಾರಿ ಅದು.

ಅಷ್ಟು ಕೊಟ್ಟರೂ ಸಾಲದು. ಹ್ಯಾಸ್ಕೆಲ್ ಕರಿ 1942ರಲ್ಲಿ ತೋರಿಸಿದ ವಾಕ್ಯಕ್ಕೆ 'ಅಲ್ಲ', 'ಸುಳ್ಳು' ಎಂಬ ಪದಗಳೇ ಬೇಡ: 'ಈ ವಾಕ್ಯ ನಿಜವಾದರೆ ಚಂದ್ರ ಬೆಲ್ಲದ ಉಂಡೆ.' ಒಂದು ಗಳಿಗೆ ಇದು ನಿಜ ಎಂದುಕೊಳ್ಳಿ. ಆಗ ಅದು ಹೇಳಿದ ಹಾಗೆ, ಅದು ನಿಜವಾದರೆ ಚಂದ್ರ ಬೆಲ್ಲ. ನಿಜ ಎಂದುಕೊಂಡಿದ್ದೇವೆ, ಹಾಗಾಗಿ ಚಂದ್ರ ಬೆಲ್ಲ. ಈಗ ನಾವು ಏನನ್ನು ತೋರಿಸಿದೆವು? ಅದು ನಿಜ ಎಂದುಕೊಂಡರೆ ಚಂದ್ರ ಬೆಲ್ಲ ಎಂಬುದನ್ನು. ವಾಕ್ಯ ಹೇಳುತ್ತಿರುವುದೂ ಅದನ್ನೇ! ಹಾಗಾಗಿ ವಾಕ್ಯ ನಿಜ. ಹಾಗಾಗಿ ಚಂದ್ರ ಬೆಲ್ಲ. ನಾನು ನೋಡಿದ ಹಾಗೆ, ಸುಳ್ಳುಗಾರನ ವಾಕ್ಯಕ್ಕೆ, ಅಂದರೆ 'ಈ ವಾಕ್ಯ ಸುಳ್ಳು' ಎಂಬುದಕ್ಕೆ, ನಗುವವರೂ ಇದರ ಮುಂದೆ ಸುಮ್ಮನಾಗುತ್ತಾರೆ. ಬರೀ ಮಾತಿನ ಆಟ ಎನ್ನುವವರಿಗೆ ನನ್ನ ಉತ್ತರವೂ ಇದೇ. ಆಟ ಎಂದು ಪಕ್ಕಕ್ಕಿಟ್ಟರೆ ಪಕ್ಕಕ್ಕೇ ಇರುತ್ತದೆ, ಸರಿ. ಆದರೆ ಯಾವ ಹೆಜ್ಜೆ ತಪ್ಪು ಎಂದು ಬೆರಳಿಟ್ಟು ತೋರಿಸಲು ಹೇಳಿದರೆ ಎಲ್ಲರೂ ತಡಬಡಾಯಿಸುತ್ತಾರೆ.

ಗಣಿತದ ವಿಷಯಕ್ಕೆ ಬರೋಣ, ಏಕೆಂದರೆ ಆ ವಿಡಿಯೋ ನಿಮ್ಮ ಮಗಳ ತಲೆಯಲ್ಲಿ ತಪ್ಪು ಕಲ್ಪನೆ ಹಾಕಿದೆ. ಗಣಿತಕ್ಕೆ ನಿಜವಾದ ಪೆಟ್ಟು ಬಿದ್ದದ್ದು 1902ರ ಜೂನ್ 16ರಂದು, ಬರ್ಟ್ರಂಡ್ ರಸೆಲ್ ಅವರು ಜರ್ಮನಿಯ ಗಣಿತಜ್ಞ ಗಾಟ್ಲೋಬ್ ಫ್ರೇಗೆಗೆ ಬರೆದ ಪತ್ರದಿಂದ. ತನ್ನನ್ನು ತಾನು ಒಳಗೊಳ್ಳದ ಗಣಗಳ, ಅಂದರೆ ಗುಂಪುಗಳ, ಗಣ ತನ್ನನ್ನು ಒಳಗೊಳ್ಳುತ್ತದೆಯೇ ಎಂಬುದು ಪ್ರಶ್ನೆ. ಹೌದು ಎಂದರೂ ಇಲ್ಲ ಎಂದರೂ ಸಿಕ್ಕಿಬೀಳುತ್ತೇವೆ. ಫ್ರೇಗೆಯ ದೊಡ್ಡ ಪುಸ್ತಕದ ಎರಡನೇ ಸಂಪುಟ ಅಚ್ಚಿನಲ್ಲಿತ್ತು. ಅದರ ಅಡಿಪಾಯದ ಒಂದು ನಿಯಮವೇ ಈ ಪ್ರಶ್ನೆಗೆ ಉದುರಿತು. ಅವರು ಅದನ್ನು ಮುಚ್ಚಿಡಲಿಲ್ಲ. 1903ರಲ್ಲಿ ಬಂದ ಸಂಪುಟಕ್ಕೆ ಒಂದು ಅನುಬಂಧ ಸೇರಿಸಿ ಒಪ್ಪಿಕೊಂಡರು. ಆ ಬಿರುಕು ತುಂಬುವ ಎರಡು ದಾರಿಗಳು 1908ರಲ್ಲಿ ಬಂದವು. ರಸೆಲ್ ಒಂದು ಬಗೆಯಲ್ಲಿ, ಎರ್ನ್‌ಸ್ಟ್ ಜರ್ಮೆಲೋ ಇನ್ನೊಂದು ಬಗೆಯಲ್ಲಿ ಹೊಸ ನಿಯಮ ಹಾಕಿದರು. ಇಂದಿನ ಗಣಿತ ಬಹುಪಾಲು ಜರ್ಮೆಲೋ ಹಾಕಿದ ದಾರಿಯ ಮೇಲೆ ನಿಂತಿದೆ. ಅದರಲ್ಲಿ ಇಲ್ಲಿಯವರೆಗೆ ಯಾರೂ ವಿರೋಧ ಕಂಡುಹಿಡಿದಿಲ್ಲ.

ಕುರ್ಟ್ ಗ್ಯೋಡೆಲ್ 1931ರಲ್ಲಿ ಮಾಡಿದ್ದು ಬೇರೆ. ಸುಳ್ಳುಗಾರನ ವಾಕ್ಯದ ಅಚ್ಚು ತೆಗೆದುಕೊಂಡರು, ಆದರೆ 'ಸುಳ್ಳು' ಇದ್ದ ಜಾಗದಲ್ಲಿ 'ಈ ಪದ್ಧತಿಯಲ್ಲಿ ಸಾಧಿಸಲಾಗದು' ಎಂದು ಹಾಕಿದರು. ಪದ್ಧತಿ ಎಂದರೆ ಇಲ್ಲಿ ಗಣಿತದ ಒಂದು ನಿಯಮಕಟ್ಟು, ಸಾಧಿಸುವುದು ಎಂದರೆ ಆ ನಿಯಮಗಳಿಂದಲೇ ರುಜುವಾತು ಮಾಡುವುದು. ವಾಕ್ಯಗಳಿಗೆ ಸಂಖ್ಯೆಗಳನ್ನೇ ಸಂಕೇತವಾಗಿ ಕೊಟ್ಟು, ಅಂಕಗಣಿತ ತನ್ನ ಬಗ್ಗೆ ತಾನೇ ಮಾತಾಡುವಂತೆ ಮಾಡಿದರು. 'ಈ ಪದ್ಧತಿಯಲ್ಲಿ ನನಗೆ ಸಾಧನೆ ಇಲ್ಲ' ಎನ್ನುವ ವಾಕ್ಯ ಗಂಟು ಕಟ್ಟುವುದಿಲ್ಲ. ಪದ್ಧತಿಯೊಳಗೆ ವಿರೋಧ ಇಲ್ಲ ಎಂದಾದರೆ ಆ ವಾಕ್ಯ ಸಾಧನೆಯಾಗುವುದಿಲ್ಲ. ಹಾಗಾಗಿ ಅದು ಹೇಳಿದ್ದು ನಿಜ, ಅಷ್ಟೇ. ಗಣಿತದಲ್ಲಿ ವಿರೋಧ ಇದೆ ಎಂದು ಗ್ಯೋಡೆಲ್ ತೋರಿಸಲಿಲ್ಲ. ವಿರೋಧ ಇಲ್ಲದ, ಸಾಕಷ್ಟು ಶಕ್ತಿ ಇರುವ ಯಾವ ಪದ್ಧತಿಯೂ ಎಲ್ಲ ನಿಜಗಳನ್ನೂ ಸಾಧಿಸಲಾರದು, ತನ್ನಲ್ಲಿ ವಿರೋಧ ಇಲ್ಲ ಎಂದೂ ತಾನೇ ಸಾಧಿಸಲಾರದು ಎಂದು ತೋರಿಸಿದರು. ಅಪೂರ್ಣ ಎಂಬುದಕ್ಕೂ ತಪ್ಪು ಎಂಬುದಕ್ಕೂ ಅಜಗಜಾಂತರ. ಆ ವಿಡಿಯೋ ಮಾಡಿದವರಿಗೆ ಇಷ್ಟು ಗೊತ್ತಿರಬೇಕಿತ್ತು.

ಇನ್ನು ನಿಮ್ಮ ಸ್ನೇಹಿತರ ಮಾತು. ನಮ್ಮವರು ಬಿಡಿಸಿಟ್ಟಿದ್ದಾರೆ ಎಂಬುದು ಅತಿಯಾಯಿತು. ಆದರೆ ಗಂಟನ್ನು ಕಂಡಿದ್ದರು, ಅದರ ಮೇಲೆ ಚೆನ್ನಾಗಿ ಕೈ ಆಡಿಸಿದ್ದರು. 5ನೇ ಶತಮಾನದ ವ್ಯಾಕರಣ ಚಿಂತಕ ಭರ್ತೃಹರಿಯ ವಾಕ್ಯಪದೀಯದಲ್ಲಿ 'ನಾನು ಹೇಳುವುದೆಲ್ಲ ಸುಳ್ಳು' ಎಂಬ ಮಾತು ಇದೇ ರೂಪದಲ್ಲಿ ಬರುತ್ತದೆ. ಹಾಗೆ ಹೇಳುವವನು 'ಎಲ್ಲ' ಎಂಬುದರೊಳಗೆ ಈ ಮಾತನ್ನೇ ಸೇರಿಸಿಕೊಂಡಿರುವುದಿಲ್ಲ, ಸೇರಿಸಿದರೆ ಅವನು ಹೇಳಹೊರಟದ್ದೇ ತಿಳಿಯದೆ ಹೋಗುತ್ತದೆ ಎನ್ನುತ್ತಾನೆ ಭರ್ತೃಹರಿ. ಮಾತನ್ನು ಆಡುವವನ ಇಂಗಿತದಿಂದ ಅಳೆಯುವ ದಾರಿ ಇದು. ದಿನಬಳಕೆಯ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ಆದರೆ ಒಬ್ಬ ಹಟ ಹಿಡಿದು 'ಇಲ್ಲ, ಈ ಮಾತನ್ನೂ ಸೇರಿಸಿಯೇ ಹೇಳುತ್ತಿದ್ದೇನೆ' ಎಂದರೆ ಈ ಉತ್ತರ ಅಲ್ಲಿಗೆ ನಿಲ್ಲುತ್ತದೆ.

ನಮ್ಮ ನೆಲದಲ್ಲೇ ನಡೆದ ವಾದವೊಂದು ಇನ್ನೂ ಸ್ವಾರಸ್ಯದ್ದು. ವಿಜಯನಗರದ ಕಾಲದ ವ್ಯಾಸತೀರ್ಥರು, ಅಂದರೆ ಕೀರ್ತನೆಗಳ ಮೂಲಕ ನಮಗೆಲ್ಲ ಪರಿಚಯವಿರುವ ವ್ಯಾಸರಾಯರು, ಮೈಸೂರು ಕಡೆಯ ಬನ್ನೂರಿನವರು. ಅವರ ವೃಂದಾವನ ಆನೆಗೊಂದಿಯ ನವವೃಂದಾವನದಲ್ಲಿದೆ. ಅವರ ನ್ಯಾಯಾಮೃತ ಅದ್ವೈತದ ಮೇಲೆ ಎತ್ತುವ ಆಕ್ಷೇಪಗಳಲ್ಲಿ ಒಂದು ಹೀಗಿದೆ. ಜಗತ್ತು ಮಿಥ್ಯೆ ಎನ್ನುತ್ತೀರಿ. ಸರಿ, ಆ ಮಿಥ್ಯಾತ್ವ ಸತ್ಯವೋ, ಅದೂ ಮಿಥ್ಯೆಯೋ? ಸತ್ಯ ಎಂದರೆ ಬ್ರಹ್ಮದ ಜೊತೆ ಎರಡನೆಯ ಸತ್ಯವೊಂದು ಬಂತು, ಅದ್ವೈತ ಹೋಯಿತು. ಮಿಥ್ಯೆ ಎಂದರೆ ಜಗತ್ತು ಮಿಥ್ಯೆ ಎಂಬುದೇ ಮಿಥ್ಯೆ, ಹಾಗಾದರೆ ಜಗತ್ತು ಸತ್ಯ. ಒಂದು ಸಿದ್ಧಾಂತವನ್ನು ಅದರ ಮೇಲೇ ತಿರುಗಿಸಿ, ಎರಡೂ ಬಾಗಿಲಿಗೆ ಬೀಗ ಹಾಕುವ ವಾದ. ಹೊಡೆತ ಎಷ್ಟು ಜೋರಾಗಿತ್ತೆಂದರೆ ಅದ್ವೈತಿ ಮಧುಸೂದನ ಸರಸ್ವತಿ ಅದ್ವೈತಸಿದ್ಧಿ ಎಂಬ ಗ್ರಂಥವನ್ನೇ ಬರೆದು ಉತ್ತರಿಸಬೇಕಾಯಿತು. ಅವರ ಉತ್ತರದಲ್ಲಿ ಒಂದು ಆನೆ ಬರುತ್ತದೆ. ಆನೆ ಹಸುವಲ್ಲ. ಹಾಗೆಂದ ಮಾತ್ರಕ್ಕೆ ಅದು ಕುದುರೆಯಾಗುತ್ತದೆಯೇ? ಹಸುವೂ ಅಲ್ಲ, ಕುದುರೆಯೂ ಅಲ್ಲ. ಹಾಗೆಯೇ ಜಗತ್ತಿನ ಮಿಥ್ಯಾತ್ವವನ್ನು ಅಲ್ಲಗಳೆದ ಮಾತ್ರಕ್ಕೆ ಅದರ ಸತ್ಯತ್ವ ಬಂದು ಕೂರುವುದಿಲ್ಲ. ಎರಡನ್ನೂ ಅಲ್ಲಗಳೆಯಲು ಕಾರಣ ಒಂದೇ ಆದಾಗ ಎರಡೂ ಒಟ್ಟಿಗೆ ಹೋಗುತ್ತವೆ.

ಇವರಿಬ್ಬರು ಯೂಬುಲಿಡೀಸನ ವಾಕ್ಯದ ಬಗ್ಗೆ ಮಾತಾಡುತ್ತಿರಲಿಲ್ಲ. ಚರ್ಚೆ ಜಗತ್ತು, ಬ್ರಹ್ಮದ್ದು. ಆದರೆ ನಡೆ ನೋಡಿ. 'ಒಂದಲ್ಲ ಎಂದರೆ ಇನ್ನೊಂದು ಆಗಲೇಬೇಕು' ಎಂಬ ಹಿಡಿತವನ್ನು ಮಧುಸೂದನರು ಸಡಿಲಿಸಿದರು. ನಿಜವೂ ಅಲ್ಲ, ಸುಳ್ಳೂ ಅಲ್ಲ ಎನ್ನುವವರು ಸಡಿಲಿಸುವುದೂ ಅದನ್ನೇ. ದ್ವೈತಿಗಳು ಬಿಡಲಿಲ್ಲ, ವ್ಯಾಸತೀರ್ಥರ ಪರ ನಿಂತು ಅದ್ವೈತಸಿದ್ಧಿಗೂ ಖಂಡನೆ ಬರೆದರು. ಹಸು-ಕುದುರೆಯ ಹಾಗೆ ಮೂರನೆಯದಕ್ಕೆ ಜಾಗ ಇರುವ ಜೋಡಿಯೇ ಬೇರೆ, ಸತ್ಯ-ಮಿಥ್ಯೆಯ ಜೋಡಿಯೇ ಬೇರೆ ಎಂಬ ಅನುಮಾನ ನನಗೂ ಇದೆ. ಸೇಡಿನ ವಾಕ್ಯ ಹುಟ್ಟುವ ಜಾಗವೂ ಅದೇ.

ಕೊನೆಯ ಪ್ರಶ್ನೆ, ಯಾವ ಉತ್ತರ ಸರಿ. ಈ ಕ್ಷೇತ್ರದಲ್ಲಿ ಒಮ್ಮತ ಇಲ್ಲ. ನನ್ನನ್ನು ಕೇಳಿದರೆ ಕ್ರಿಪ್ಕಿ ಕಡೆ ವಾಲುತ್ತೇನೆ. ಕನ್ನಡವನ್ನು ಮಹಡಿಗಳಾಗಿ ಕತ್ತರಿಸಬೇಕಿಲ್ಲ, ಜೇಬಿನ ಕೀ ಹುಡುಕುವ ತರ್ಕವನ್ನೂ ಬಿಡಬೇಕಿಲ್ಲ, ನೆಲವಿಲ್ಲದ ವಾಕ್ಯಕ್ಕೆ ಬೆಲೆ ಇಲ್ಲ ಎಂಬುದು ಮನಸ್ಸಿಗೂ ಒಪ್ಪುತ್ತದೆ. 'ಈ ವಾಕ್ಯ ನಿಜವಲ್ಲ' ಎಂದು ಯಾರಾದರೂ ಚುಚ್ಚಿದಾಗ ಮಾತ್ರ ನಾನು ಒಂದು ಮಹಡಿ ಹತ್ತಿ ಮಾತಾಡಬೇಕಾಗುತ್ತದೆ. ಆ ಬೆಲೆ ಕೊಡಲು ನಾನು ತಯಾರು, ನನ್ನ ಜೊತೆ ಪಾಠ ಮಾಡುವ ಕೆಲವರು ತಯಾರಿಲ್ಲ.

ಮಗಳಿಗೆ ತತ್ವಶಾಸ್ತ್ರ ಬೇಡ ಎನ್ನಬೇಡಿ. ಸಾಧ್ಯವಾದರೆ ಬಿಎ ಜೊತೆ ಸ್ವಲ್ಪ ಗಣಿತವೂ ಇರಲಿ. ಈ ವಿಷಯದಲ್ಲಿ ಮುಂದೆ ಹೋಗುವವರಿಗೆ ಅದು ಬೇಕೇ ಬೇಕು. ಸದ್ಯಕ್ಕೆ ಪಿಯುಸಿಯ ಸತ್ಯ ಕೋಷ್ಟಕಗಳು ಕೈಗೆ ಪಳಗಲಿ. ಆಮೇಲೆ ಹ್ಯಾಸ್ಕೆಲ್ ಕರಿ ಅವರ ವಾಕ್ಯದ ಹೆಜ್ಜೆಗಳನ್ನು ಒಂದೊಂದೇ ಸಾಲಾಗಿ ಕಾಗದದ ಮೇಲೆ ಬರೆಯಲು ಹೇಳಿ, ಯಾವ ಸಾಲನ್ನು ಹೊಡೆದುಹಾಕುತ್ತಾಳೆ, ಏಕೆ ಎಂದು ಕೇಳಿ. 'ತರ್ಕಾನೇ ಮೋಸ' ಎಂದು ಅವಳು ಪಟ್ಟು ಹಿಡಿದರೆ, ಎಲ್ಲ ಸಾಲನ್ನೂ ಉಳಿಸಿಕೊಂಡು ಚಂದ್ರ ಬೆಲ್ಲ ಎಂದು ಸಹಿ ಹಾಕಲು ಹೇಳಿ.